ಖಾಲಿ ತೊಟ್ಟಿಲಿಗೊಂದು ಗುಂಡುಕಲ್ಲು

ಆ ತೊಟ್ಟಿಲನ್ನು ನಾನು ವರ್ಷಗಟ್ಟಲೆ ದಿನಾ ನೋಡಿದ್ದೆ. ಬೆಂಗಳೂರಿನ ನಮ್ಮ ಕಲಾ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ, ಮರದ ವಸ್ತುಗಳ ಸಾಲಿನಲ್ಲಿ, ಒಂದು ಮುರುಕು ಪಲ್ಲಕ್ಕಿಗೂ ಯಾವುದೋ ಹಳೆಯ ಬಾಗಿಲುವಾಡಕ್ಕೂ ನಡುವೆ ಅದು ನೆಲದ ಮೇಲೆ ಕೂತಿತ್ತು. ಅರಗು ಹಚ್ಚಿದ ಕೆಂಪು ಹಳದಿ ಕಂಬಿಗಳು, ನಾಲ್ಕು ಮೂಲೆಗೆ ನಾಲ್ಕು ಮರದ ಗಿಳಿ, ಹಿತ್ತಾಳೆಯ ಸರಪಳಿ. ಕಾಲಿಗೆ ಕಟ್ಟಿದ ತಗಡಿನ ಬಿಲ್ಲೆಯಲ್ಲಿ ಅದರ ಸಂಖ್ಯೆ. ವಾರಕ್ಕೊಮ್ಮೆ ಧೂಳು ಹೊಡೆಯುತ್ತಿದ್ದೆ, ಗೆದ್ದಲು ಹತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಯಾವ ಕಾಲಕ್ಕೋ ಅದರಲ್ಲಿ ಒಂದು ಮಗು ಮಲಗಿ ನಿದ್ದೆ ಮಾಡಿತ್ತು ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆದದ್ದೇ ಇಲ್ಲ. ಸಂಖ್ಯೆ ಬಿದ್ದ ಮೇಲೆ ಎಂಥ ಪದಾರ್ಥವೂ ನಮ್ಮ ಪಾಲಿಗೆ ಬರೀ ‘ವಸ್ತು’ ಆಗಿಬಿಡುತ್ತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ. ಊರಲ್ಲಿ ಅಕ್ಕಿಗೂ ಸಾಲು, ಸೀಮೆಎಣ್ಣೆಗೂ ಸಾಲು. ಅಂಥ ಹೊತ್ತಿನಲ್ಲಿ ನಮ್ಮ ಮೇಲಧಿಕಾರಿಗಳಿಗೆ ಒಂದು ಹುಚ್ಚು ಹತ್ತಿತು. ಅವರು ನಿವೃತ್ತಿಗೆ ಹತ್ತಿರವಾಗಿದ್ದವರು. ನಾವೆಲ್ಲ ಅವರನ್ನು ಯಜಮಾನರು ಅನ್ನುತ್ತಿದ್ದೆವು. ಒಂದು ದಿನ ನನ್ನನ್ನು ಕರೆದು ಸಂಗ್ರಹದ ಕೋಣೆಗಳನ್ನೆಲ್ಲ ಸುತ್ತಿಸಿದರು.

“ಕಲ್ಲು ಕಲ್ಲಿನ ಜೊತೆ, ಹಿತ್ತಾಳೆ ಹಿತ್ತಾಳೆ ಜೊತೆ ಪೇರಿಸ್ಕೊಂಡು ಕೂತಿದ್ದೀವಲ್ರೀ, ಇದು ಸಂಗ್ರಹಾಲಯವೋ ಪಾತ್ರೆ ಅಂಗಡಿಯೋ? ಒಂದು ವಿಷಯ ಹಿಡೀರಿ. ಆ ವಿಷಯ ಯಾವ ಯಾವ ಕಪಾಟಿನಲ್ಲಿ ಅಡಗಿ ಕೂತಿದ್ಯೋ ಅಲ್ಲಿಂದೆಲ್ಲ ಈಚೆಗೆ ಎಳೀರಿ. ಒಂದು ಕಡೆ ಇಟ್ಟು ನೋಡೋಣ, ಏನು ಮಾತಾಡ್ತವೆ ಅಂತ.”

ಹಾಗೆ ಎಳೆದದ್ದನ್ನು ಬೆಂಗಳೂರಿನಲ್ಲಿ ಇಡುವುದಲ್ಲ, ತಾಲ್ಲೂಕಿನ ಊರುಗಳಿಗೆ ಒಯ್ಯಬೇಕು ಎನ್ನುವುದು ಅವರ ಆಸೆ. ಮೇಲಿನವರಿಂದ ಬಹಳ ಓಡಾಡಿ ಅಪ್ಪಣೆ ತಂದರು. ಅಪ್ಪಣೆಯ ಬಾಲಕ್ಕೆ ಒಂದು ಷರತ್ತೂ ಇತ್ತು: ಮೊದಲು ಒಂದೇ ಊರಿನಲ್ಲಿ ಇಟ್ಟು ನೋಡುವುದು, ಗಂಡಸರು ಸಂತೆಗೆ ಬಂದವರು ಹಾಗೇ ಇಣುಕಿ ಹೋಗುತ್ತಾರೆ, ಅದು ಲೆಕ್ಕಕ್ಕಿಲ್ಲ, ಮನೆಯ ಹೆಂಗಸರು ಬಂದು ನೋಡಿದರೆ ಮಾತ್ರ ಮುಂದೆ ಹೊಸಕೋಟೆ, ದೇವನಹಳ್ಳಿ, ನೆಲಮಂಗಲಕ್ಕೆ; ಬರದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ವಾಪಸ್ಸು.

ವಿಷಯ ನೀವೇ ಆರಿಸಿ ಎಂದರು. ನಾನು ‘ಮಗು’ ಎಂದೆ. ಊರು ಯಾವುದು ಎಂದರು. ದೊಡ್ಡಬಳ್ಳಾಪುರ ಆಗಬಹುದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಆಗಲಿ” ಎಂದಷ್ಟೇ ಹೇಳಿದರು. ನನ್ನ ಹೆಂಡತಿ ದೊಡ್ಡಬಳ್ಳಾಪುರದವಳು ಎಂದು ಅವರಿಗೆ ಗೊತ್ತಿತ್ತು. ಹಿಂದಿನ ವರ್ಷ ನಮಗೆ ಗಂಡು ಮಗು ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಜ್ವರ ಬಂದು ತೀರಿಕೊಂಡದ್ದೂ ಗೊತ್ತಿತ್ತು.

ಆಮೇಲಿಂದ ಅವಳು ತವರಿನಲ್ಲೇ ಇದ್ದಳು. ಜಗಳವೇನೂ ಇಲ್ಲ. ಬಾ ಎಂದು ನಾನು ಒತ್ತಾಯ ಮಾಡಲಿಲ್ಲ, ಬರುತ್ತೇನೆ ಎಂದು ಅವಳು ಹೇಳಲಿಲ್ಲ. ನಾನು ಭಾನುವಾರ ರೈಲಿಗೆ ಹೋದರೆ ಬಾಗಿಲಿಗೆ ನೀರು ತಂದುಕೊಡುವಳು, ಬೆಂಗಳೂರಲ್ಲಿ ರಾಗಿ ಹೇಗಿದೆ ಎಂದು ಕೇಳುವಳು. ಮಗುವಿನ ಮಾತು ಅವಳೂ ಎತ್ತಳು, ನಾನೂ ಎತ್ತೆ. ಎತ್ತುವುದಾದರೂ ಏನೆಂದು? ನಮ್ಮ ಮಗುವಿಗೆ ಹೆಸರೇ ಇರಲಿಲ್ಲ, ‘ಅದು’ ಎನ್ನಬೇಕಾಗಿತ್ತು. ಹಾಗೆನ್ನಲು ಇಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ಇಲಾಖೆಗೆ ಬೇಕಾಗಿದ್ದದ್ದು ಊರ ಹೆಂಗಸರು. ನನಗೆ ಬೇಕಾಗಿದ್ದವಳು ಒಬ್ಬಳೇ. ಅವಳು ಆ ಪ್ರದರ್ಶನಕ್ಕೆ ಬರಬೇಕು, ನಾನು ಜೋಡಿಸಿಟ್ಟದ್ದನ್ನು ನೋಡಬೇಕು, ನಾನೂ ಮರೆತಿಲ್ಲ ಎನ್ನುವುದು ಅವಳಿಗೆ ತಿಳಿಯಬೇಕು. ಬಾಯಲ್ಲಿ ಹೇಳಲಾಗದ್ದಕ್ಕೆ ಸರ್ಕಾರಿ ಪ್ರದರ್ಶನವನ್ನೇ ಹೂಡಿದ ಗಂಡ ನಾನೊಬ್ಬನೇ ಇರಬೇಕು.

ಕಪಾಟು ತೆರೆಯುತ್ತ ಹೋದೆ. ವಿಷಯವೊಂದು ಕೈಯಲ್ಲಿದ್ದರೆ ಹಳೆಯ ಸಂಗ್ರಹ ಹೊಸದಾಗಿ ಕಾಣುತ್ತದೆ ಎಂದು ಯಜಮಾನರು ಹೇಳಿದ್ದು ನಿಜವೇ. ಲೋಹದ ಕಪಾಟಿನಲ್ಲಿ ಮಗುವಿಗೆ ಹಾಲು ಕುಡಿಸುವ ಹಿತ್ತಾಳೆ ಒಳಲೆಗಳು ಸಿಕ್ಕವು. ಅವು ಅಲ್ಲಿಯ ತನಕ ಗಿಂಡಿ ಚೊಂಬುಗಳ ಗುಂಪಿನಲ್ಲಿದ್ದವು. ಅಂಗೈಯಗಲದ ಅಂಬೆಗಾಲು ಕೃಷ್ಣ ಸಿಕ್ಕಿದ. ಬಟ್ಟೆಯ ಪೆಟ್ಟಿಗೆಯಲ್ಲಿ ಜರಿಯ ಕುಲಾವಿ, ಆಭರಣದ ಸೆಳೆಖಾನೆಯಲ್ಲಿ ಬೆಳ್ಳಿ ಗಿಲಕಿ, ಮರದ ಸಾಲಿನಲ್ಲಿ ಬಣ್ಣದ ಕುದುರೆಗಳು. ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸಿದ ಯಶೋದೆ, ಮಡಿಲಲ್ಲಿ ದಪ್ಪ ಕೆನ್ನೆಯ ಹುಡುಗ. ಕಲ್ಲಿನ ಕೋಣೆಯಲ್ಲಿ ಸೊಂಟದ ಮೇಲೆ ಮಗು ಎತ್ತಿಕೊಂಡ ಹೆಂಗಸಿನ ತುಂಡು ಶಿಲ್ಪ. ತಾಯಿಯ ಮುಖ ಒಡೆದು ಹೋಗಿತ್ತು, ಮಗುವಿನ ಕಾಲ್ಗೆಜ್ಜೆ ಮಾತ್ರ ಹಾಗೇ ಇತ್ತು. ಕೊನೆಗೆ ತೊಟ್ಟಿಲು.

ತೊಟ್ಟಿಲನ್ನು ನೆಲದ ಮೇಲಿಡಬಾರದು, ತೂಗುಹಾಕಲೇಬೇಕು ಎಂದು ಯಜಮಾನರೂ ನಾನೂ ಒಪ್ಪಿದೆವು. ನೆಲದ ಮೇಲೆ ಅದು ಬುಟ್ಟಿಯ ಹಾಗೆ ಕಾಣುತ್ತಿತ್ತು. ಪ್ರದರ್ಶನದ ನಡುಮಧ್ಯೆ ಅದು ನೇತಾಡಬೇಕು, ಸುತ್ತ ಮಿಕ್ಕದ್ದೆಲ್ಲ.

ಕಟ್ಟುವ ಕೆಲಸಕ್ಕೆ ನಾನೂ ಒಬ್ಬ ಜವಾನನೂ ಕೂತೆವು. ಚಿತ್ರಗಳ ರೇಕಿಗೆ ಏನೂ ತಾಗದಂತೆ ಹಳೆಯ ಮಲ್ ಬಟ್ಟೆ, ಅದರ ಮೇಲೆ ಕಂಬಳಿ, ಆಮೇಲೆ ಭತ್ತದ ಹುಲ್ಲು. ಹುಲ್ಲನ್ನು ಬಿಸಿಲಿಗೆ ಹರಡಿ, ಬೇವಿನ ಸೊಪ್ಪು ಬೆರೆಸಿದ್ದಾಯಿತು. ತೊಟ್ಟಿಲಿನ ಕಂಬಿಗಳನ್ನು ಒಂದೊಂದಾಗಿ ಬಿಚ್ಚಿ ಗುರುತು ಹಾಕಿ ಕಟ್ಟಿದೆ. ಗಿಳಿಗಳನ್ನು ಮಾತ್ರ ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಕೊಕ್ಕು ಮುರಿದರೆ ಯಾರು ಹೊಣೆ? ಪೆಟ್ರೋಲಿಲ್ಲದ ಕಾಲ, ಲಾರಿಯ ಮಾತೇ ಇಲ್ಲ. ರೈಲಿನಲ್ಲಿ ಸಾಗಿಸಿ, ಸ್ಟೇಷನ್ನಿನಿಂದ ಎತ್ತಿನ ಗಾಡಿ. ಗಾಡಿಯವನು ಹಳ್ಳ ಬಂದಾಗಲೆಲ್ಲ ಹಿಂದೆ ತಿರುಗಿ, “ಒಳಗೆ ದೇವ್ರಿದ್ದಾನಾ ಸ್ವಾಮಿ?” ಎಂದು ಕೇಳುತ್ತಿದ್ದ. ಇದ್ದಾನಪ್ಪಾ, ಮೆಲ್ಲಗೆ ಹೊಡಿ ಎಂದೆ.

ಹೆಣ್ಣುಮಕ್ಕಳ ಶಾಲೆಗೆ ಬೇಸಿಗೆ ರಜ, ಅದರ ಸಭೆಯ ಹಾಲು ನಮಗೆ ಸಿಕ್ಕಿತ್ತು. ಉದ್ದನೆಯ ಹಾಲು, ಎರಡೂ ಕಡೆ ದೊಡ್ಡ ಕಿಟಕಿಗಳು, ಮೇಲೆ ತೇಗದ ತೊಲೆ. ತೊಲೆಗೆ ಕಬ್ಬಿಣದ ಕೊಕ್ಕೆ ಬಿಗಿಸಿ, ಮರಳಿನ ಮೂಟೆ ಒಂದು ದಿನ ಪೂರಾ ನೇತುಹಾಕಿ, ಕೊಕ್ಕೆ ಜಗ್ಗಲಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ತೊಟ್ಟಿಲು ಏರಿಸಿದೆ. ಗಿಳಿಗಳನ್ನು ಕೂರಿಸಿದೆ. ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಬರೆದು ಎಲ್ಲಕ್ಕೂ ಇಟ್ಟೆ. ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿಯ ಬೆಳಕು ಕೆಂಪು ಕಂಬಿಗಳ ಮೇಲೆ ಬಿದ್ದಿತ್ತು, ಮುಂಗಾರಿಗೆ ಮುಂಚಿನ ಗಾಳಿಗೆ ತೊಟ್ಟಿಲು ತಾನಾಗಿ ತೂಗುತ್ತಿತ್ತು. ಬಹಳ ಚೆನ್ನಾಗಿದೆ ಎಂದುಕೊಂಡು ಬೀಗ ಹಾಕಿದೆ.

ಮೊದಲ ದಿನ ಗಂಡಸರು ಬಂದರು. ನೂಲಿನ ಅಭಾವದಿಂದ ಅರ್ಧ ಮಗ್ಗ ನಿಂತಿದ್ದ ಕಾಲ, ನೇಕಾರರಿಗೆ ಪುರುಸೊತ್ತು ಬೇಡವೆಂದರೂ ಇತ್ತು. ಕುಲಾವಿಯ ಜರಿ ನೋಡಿದರು, ಬೀಡಿ ಸೇದಲು ಹೊರಗೆ ಹೋದರು. ಹೆಂಗಸರೂ ಬಂದರು, ಗುಂಪು ಗುಂಪಾಗಿ, ಮಕ್ಕಳನ್ನು ಎತ್ತಿಕೊಂಡು. ಹೊಸಿಲ ತನಕ ಬಂದರು. ಒಳಗೆ ಕಣ್ಣು ಹಾಯಿಸಿದರು. ಮುಂದಿದ್ದವಳು ಸೆರಗನ್ನು ಮಗುವಿನ ತಲೆಯ ಮೇಲೆ ಎಳೆದುಕೊಂಡಳು. ಹಿಂದಿದ್ದವರಿಗೆ ಏನೋ ಹೇಳಿದಳು. ಅಷ್ಟೂ ಜನ ತಿರುಗಿ ಹೋದರು. ಇನ್ನೊಂದು ಗುಂಪೂ ಹಾಗೆಯೇ. “ಬನ್ರಮ್ಮ, ದುಡ್ಡಿಲ್ಲ, ಕಾಸಿಲ್ಲ” ಎಂದು ಜವಾನ ಕೂಗಿದ್ದೇ ಬಂತು. ಎರಡನೆಯ ದಿನ ಹೊಸಿಲಿಗೂ ಯಾರೂ ಬರಲಿಲ್ಲ.

ಅತ್ತೆಯ ಮನೆಯಲ್ಲೇ ನನಗೆ ಊಟ. ಮಧ್ಯಾಹ್ನ ಎಲೆಯ ಮುಂದೆ ಕೂತು ಊರ ಹೆಂಗಸರನ್ನೆಲ್ಲ ಬೈದುಕೊಂಡೆ. ಅತ್ತೆ ಸಾರು ಬಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಅಲ್ಲಾ ಅಳಿಯಂದ್ರೇ, ನೀವು ಓದ್ದೋರು, ನಾನ್ ಹೇಳ್ಬಾರ್ದು. ಖಾಲಿ ತೊಟ್ಲು ನಡುಮನೇಲಿ ಕಟ್ಟಿ ತೂಗಕ್ಕೆ ಬಿಟ್ಟಿದ್ದೀರಂತೆ. ಬಸುರಿ ಬಾಣಂತೀರು ಹೆಂಗ್ ಬಂದಾರು? ಎಳೆ ಮಕ್ಳಿರೋರು ಹೆಂಗ್ ಒಳಗ್ ಕಾಲಿಟ್ಟಾರು?”

ನನ್ನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು. ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಮನೆಯ ಮಗುವಿಗೆ ಕೇಡು. ಇದು ನನಗೆ ಗೊತ್ತಿಲ್ಲದ ಮಾತೇ? ನಾನೂ ಬೆಂಗಳೂರು ಪೇಟೆಯ ಮಗ್ಗದ ಮನೆಯಲ್ಲೇ ಹುಟ್ಟಿದವನು. ಚಿಕ್ಕಂದಿನಲ್ಲಿ ತಂಗಿಯ ಖಾಲಿ ತೊಟ್ಟಿಲು ತಳ್ಳಿ ಅಮ್ಮನ ಕೈಯಲ್ಲಿ ಬೆನ್ನಿಗೆ ಗುದ್ದಿಸಿಕೊಂಡವನು. ಆದರೆ ನಾನು ನೇತುಹಾಕಿದ್ದು ತೊಟ್ಟಿಲನ್ನಲ್ಲವಲ್ಲ, ಸಂಖ್ಯೆ ಬಿದ್ದ ವಸ್ತುವನ್ನು. ತಲೆಯೆತ್ತಿ ನೋಡಿದರೆ, ಅಡುಗೆಮನೆಯ ಬಾಗಿಲಲ್ಲಿ ಮಜ್ಜಿಗೆಯ ಚೆಂಬು ಹಿಡಿದು ನಿಂತಿದ್ದ ನನ್ನ ಹೆಂಡತಿ ಚೆಂಬನ್ನು ಅಲ್ಲೇ ನೆಲಕ್ಕಿಟ್ಟು ಹಿತ್ತಲಿಗೆ ಹೋದಳು. ಅವಳು ಯಾಕೆ ಬಂದಿರಲಿಲ್ಲ ಎನ್ನುವುದೂ ಆಗ ತಿಳಿಯಿತು. ಮಗು ಕಳೆದುಕೊಂಡವಳನ್ನು ಖಾಲಿ ತೊಟ್ಟಿಲು ತೋರಿಸಲು ಕರೆದಿದ್ದೆ.

ಓಡಿ ಹೋಗಿ ಕಿಟಕಿ ಮುಚ್ಚಿಸಿದೆ. ಗಾಳಿ ನಿಂತಿತು, ಬೆಳಕೂ ಹೋಯಿತು; ಚಿತ್ರಗಳು ಮಸಿ ಬಳಿದಂತೆ ಕಂಡವು. ಮತ್ತೆ ತೆರೆಸಿ, ತೊಟ್ಟಿಲನ್ನು ನಾಲ್ಕು ಕಡೆಯಿಂದ ದಾರ ಎಳೆದು ಗೂಟಕ್ಕೆ ಕಟ್ಟಿದೆ. ಈಗ ಅದು ಅಲುಗುತ್ತಿರಲಿಲ್ಲ, ಆದರೆ ಕಟ್ಟಿಹಾಕಿದ ಕರುವಿನ ಹಾಗೆ ಕಾಣುತ್ತಿತ್ತು. ಇಳಿಸಿಬಿಟ್ಟರೆ? ಶನಿವಾರ ಯಜಮಾನರು ಬರುವವರಿದ್ದರು. ನಡುವೆ ಬರೀ ಕೊಕ್ಕೆ ನೇತಾಡುವ ಹಾಲನ್ನು ಅವರಿಗೆ ತೋರಿಸಲು ಮನಸ್ಸಾಗಲಿಲ್ಲ.

ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಹೊರಗಿನ ಪದಾರ್ಥ ಯಾವುದನ್ನೂ ಸಂಗ್ರಹದ ವಸ್ತುವಿನೊಳಗೆ ಇಡತಕ್ಕದ್ದಲ್ಲ ಎಂದು ನಮ್ಮ ನಿಯಮ. ಒಳಗಿನದನ್ನೇ ಇಟ್ಟರೆ? ಅಂಬೆಗಾಲು ಕೃಷ್ಣನನ್ನು ಎತ್ತಿ ತಂದು, ಕಂಬಳಿ ಮಡಿಸಿ ಹಾಸಿ ತೊಟ್ಟಿಲಲ್ಲಿ ಇಟ್ಟೆ. ನಿಯಮವೂ ಉಳಿಯಿತು, ತೊಟ್ಟಿಲೂ ತುಂಬಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೆಂಗಸರು ಸಾಲುಗಟ್ಟಿದ್ದರು. ಆದರೆ ನೋಡಲು ಬಂದವರಲ್ಲ, ಪೂಜೆಗೆ ಬಂದವರು. ತಟ್ಟೆ, ಹೂವು, ಬೆಣ್ಣೆ, ಕಾಯಿಸಿದ ಹಾಲು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಒಬ್ಬಾಕೆ ಕೃಷ್ಣನ ಬಾಯಿಗೆ ಬೆಣ್ಣೆ ಹಚ್ಚಿಯಾಗಿತ್ತು. ಇನ್ನೊಬ್ಬಾಕೆಯ ಒಳಲೆಯಿಂದ ಹಾಲು ತುಳುಕಿ ಅರಗಿನ ಕಂಬಿಯ ಮೇಲೆ ಹರಿಯಿತು. ಊಟದ ಹೊತ್ತಿಗೆ ಸರಪಳಿಯ ಉದ್ದಕ್ಕೂ ಇರುವೆ. ಜವಾನ ಒರೆಸುತ್ತಾ, “ಸ್ವಾಮಿ, ಈ ದೇವ್ರು ಬೆಂಗಳೂರಲ್ಲಿ ಸುಮ್ನೆ ಇದ್ನಲ್ಲ” ಎಂದ.

ಅತ್ತೆಯವರ ತಕರಾರು ಬೇರೆಯೇ. “ದೇವ್ರನ್ನ ಮಲಗಿಸ್ದೋರು ಬೆಳಿಗ್ಗೆ ಏಳಿಸ್ಬೇಕು, ನೈವೇದ್ಯ ಮಾಡ್ಬೇಕು. ರಾತ್ರಿ ಬೀಗ ಹಾಕ್ಕೊಂಡು ಹೊರಟುಬಂದ್ರೆ ಅವನು ಹಸ್ಕೊಂಡಿರಲ್ವಾ?”

ಕೃಷ್ಣನನ್ನು ತೆಗೆದು, ಒರೆಸಿ, ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ಆ ಸಂಜೆ ಓಣಿಯಲ್ಲೆಲ್ಲ ಒಂದೇ ಮಾತು: ತೊಟ್ಟಿಲಲ್ಲಿದ್ದದ್ದನ್ನು ತೆಗೆದುಬಿಟ್ಟರಂತೆ. ಮೊದಲು ಬರೀ ಖಾಲಿಯಾಗಿದ್ದ ತೊಟ್ಟಿಲು ಈಗ ಬರಿದಾದ ತೊಟ್ಟಿಲು. ಆ ಮಾತು ನನ್ನ ಹೆಂಡತಿಯ ಕಿವಿಗೂ ಬಿತ್ತು. ಬಿದ್ದಾಗ ನಾನು ಅಲ್ಲೇ ಇದ್ದೆ.

ಅವಳು ಜಗಲಿಯಲ್ಲಿ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ನಾನು ಕಂಬಕ್ಕೆ ಒರಗಿ, ನಾಳೆ ಎಲ್ಲಾ ಬಿಚ್ಚಿ ಕಟ್ಟಿಬಿಡುತ್ತೇನೆ, ಯಜಮಾನರಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದೆ. ಅವಳು ನೂಲಿನ ಮೇಲಿಂದ ಕಣ್ಣೆತ್ತಲಿಲ್ಲ.

“ಗುಂಡಪ್ಪನ್ನ ಮಲಗಿಸ್ಬಾರ್ದಾ?” ಎಂದಳು.

ನಮ್ಮ ಕಡೆ ಹೆಸರಿಡುವ ದಿನ ಮಗುವನ್ನು ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಕುಲಾವಿ ಹಾಕಿ, ಅದಕ್ಕೆ ಗುಂಡಪ್ಪ ಎಂದು ಹೆಸರಿಟ್ಟು ಮಲಗಿಸುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಹಾರೈಕೆ. ಆಮೇಲೆ ಮಗುವಿನ ಸರದಿ. ಅವಳ ಬಾಯಿಂದ ತೊಟ್ಟಿಲಿನ ಮಾತು ಬಂದದ್ದು ಒಂದು ವರ್ಷದಲ್ಲಿ ಅದೇ ಮೊದಲು. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಹೆದರಿಕೊಂಡೇ ಮಾತಾಡಿದೆ.

“ಹೊರಗಿನ ಪದಾರ್ಥ ಇಡೋ ಹಾಗಿಲ್ಲ ಕಣೇ. ನಿಯಮ ಇದೆ.”

“ಕೃಷ್ಣ ಒಳಗಿನೋನು ಅಂತ ಇಟ್ರಿ, ಏನಾಯ್ತು? ಗುಂಡಪ್ಪಂಗೆ ಹಾಲು ಬೇಡ, ಬೆಣ್ಣೆ ಬೇಡ. ರಾತ್ರಿ ಒಬ್ನೇ ಬಿಟ್ಟು ಬಂದ್ರೂ ಅಳಲ್ಲ.”

ಕೊನೆಯ ಮಾತು ಹೇಳುವಾಗ ರಾಟೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿತು. ನಾನು ಅಲ್ಲಿಂದ ಎದ್ದು ನೇರ ಹಿತ್ತಲಿಗೆ ಹೋಗಿ ಅತ್ತೆಯವರ ಒರಳುಗಳನ್ನು ನೋಡತೊಡಗಿದೆ. ಯಜಮಾನರನ್ನು ಕೇಳಲು ಹೊತ್ತಿರಲಿಲ್ಲ. ಕೇಳಿದರೆ ಅವರು ನಿಯಮ ಹೇಳಬೇಕಾಗುತ್ತಿತ್ತು. ಇದನ್ನು ನನ್ನ ತಲೆಯ ಮೇಲೆಯೇ ಹಾಕಿಕೊಂಡು ಮಾಡುವುದು ಎಂದು ತೀರ್ಮಾನಿಸಿದೆ.

ದೊಡ್ಡ ಒರಳಿನ ಗುಂಡು ಹೊರುವುದು ತೊಟ್ಟಿಲಿನ ಹಲಗೆಯಿಂದ ಆಗದ ಮಾತು. ಚಟ್ನಿ ರುಬ್ಬುವ ಸಣ್ಣ ಒರಳಿನ ಗುಂಡು ಎತ್ತಿ ನೋಡಿದೆ. ಎರಡೂ ಕೈಯಲ್ಲಿ ಹಿಡಿದಾಗ ಅದು ಎಳೆಗೂಸಿನಷ್ಟೇ ಭಾರ ಎಂದು ಕೈಗೆ ಗೊತ್ತಾಯಿತು, ಥಟ್ಟನೆ ಕೆಳಗಿಟ್ಟೆ. ಆಮೇಲೆ ಕೆಲಸ ನೋಡಿಕೊಂಡೆ. ಅಷ್ಟೇ ತೂಕದ ಮರಳು ಚೀಲದಲ್ಲಿ ತುಂಬಿ ತೊಟ್ಟಿಲಲ್ಲಿಟ್ಟು, ಒಂದೊಂದು ಕೀಲನ್ನೂ ಒತ್ತಿ ಪರೀಕ್ಷಿಸಿದೆ. ಒಂದು ಹಲಗೆ ಕಿರುಗುಟ್ಟಿತು. ಅದರ ಅಡಿಗೆ ಅಗಲವಾದ ನವಾರಿನ ಪಟ್ಟಿ ಹಾಯಿಸಿ ಭಾರವನ್ನು ಸರಪಳಿಗೇ ವರ್ಗಾಯಿಸಿದೆ. ಕಲ್ಲನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು, ಅರಿಶಿನ, ಕುಂಕುಮ, ಎಣ್ಣೆ ಏನೂ ಸೋಕಿಸಬಾರದು ಎಂದು ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದೆ. “ಅರಿಶಿನ ಇಲ್ದೆ ಎಂಥ ಶಾಸ್ತ್ರ!” ಎಂದು ಗೊಣಗಿದರೂ ಒಪ್ಪಿದರು.

ಶನಿವಾರ ಬೆಳಿಗ್ಗೆ ಓಣಿಯ ಹೆಂಗಸರು ಬಂದರು. ಅತ್ತೆಯವರೇ ಮನೆಮನೆಗೆ ಹೋಗಿ ಕರೆದಿದ್ದರು. ಎಲ್ಲರ ಮುಂದೆ ಓಣಿಗೆ ಹಿರಿಯಳಾದ ಒಬ್ಬ ಅಜ್ಜಿ, ಕೋಲು ಊರಿಕೊಂಡು. ಎಲ್ಲರ ಹಿಂದೆ ನನ್ನ ಹೆಂಡತಿ. ಅವಳು ಹಾಲಿನೊಳಕ್ಕೆ ಬರಲಿಲ್ಲ. ಹೊರಗಿನ ಜಗಲಿಯ ಕಂಬದ ಪಕ್ಕ ನಿಂತಳು. ಗುಂಡಪ್ಪ ಅವಳ ತೋಳಿನಲ್ಲೇ ಇದ್ದ. ಹಳೆಯ ಮೆತ್ತನೆಯ ರೇಷ್ಮೆ ತುಂಡೊಂದರಲ್ಲಿ ಅವಳೇ ಸುತ್ತಿದ್ದಳು, ತಲೆಗೊಂದು ಬಿಳಿ ಕುಲಾವಿ. ಆ ಕುಲಾವಿಯನ್ನು ನಾನು ಮುಂಚೆ ನೋಡಿರಲಿಲ್ಲ. ಯಾವಾಗ ಹೊಲಿದಳೋ, ಯಾರಿಗೆ ಹೊಲಿದಳೋ ಕೇಳಬೇಕಾಗಿರಲಿಲ್ಲ.

ಅಜ್ಜಿ ತೊಟ್ಟಿಲನ್ನು ಸುತ್ತಿ ನೋಡಿ, ಗಿಳಿಗಳನ್ನು ಮೆಚ್ಚಿ, “ಸರಿ, ಯಾರಮ್ಮ ಮಲಗಿಸೋರು? ಮಕ್ಳು ಮರಿ ಚೆನ್ನಾಗಿರೋ ಮುತ್ತೈದೆ ಬರ್ಲಿ” ಎಂದು ಹಿಂದಕ್ಕೆ ತಿರುಗಿದರು. ಅಲ್ಲೇ ಇದ್ದ ಒಬ್ಬ ತುಂಬಿದ ಮನೆಯ ಗೃಹಿಣಿಯ ಕಡೆ ಎಲ್ಲರೂ ನೋಡಿದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಅದು ಪದ್ಧತಿ, ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಕಂಬದ ಪಕ್ಕ ನಿಂತವಳು ಕಲ್ಲನ್ನು ತನ್ನ ತಾಯಿಯ ಕೈಗೆ ಕೊಡಲು ತೋಳು ಚಾಚಿದ್ದು ನನಗೆ ಕಂಡಿತು.

ನನ್ನ ಬಾಯಿಂದ ಸರ್ಕಾರಿ ದನಿ ಹೊರಟಿತು.

“ಸ್ವಲ್ಪ ನಿಲ್ಲಿ. ಇಲಾಖೆ ನಿಯಮ ಇದೆ. ಈ ತೊಟ್ಟಿಲನ್ನ ಇಲಾಖೆಯವರಲ್ಲದೆ ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ಒಂದು ನಿಯಮವನ್ನು ಮುರಿಯಲೆಂದೇ ಎದ್ದು ಬಂದವನು ಇನ್ನೊಂದನ್ನು ಎತ್ತಿ ಹಿಡಿದು ನಿಂತಿದ್ದೆ. ಅಜ್ಜಿ ಕಣ್ಣು ಕಿರಿದು ಮಾಡಿದರು.

“ಹಂಗಾರೆ ನೀನೇ ಮಲಗ್ಸಪ್ಪಾ.”

“ಗಂಡಸರು ಮಲಗಿಸೋದುಂಟಾ ಅಜ್ಜಿ?”

“ಮತ್ತೆ ಯಾರು? ಬೆಂಗಳೂರಿಂದ ದೊರೆಸಾನಿ ಬರ್ಬೇಕಾ?”

“ನಮ್ಮನೆಯವಳಿದ್ದಾಳಲ್ಲ,” ಎಂದೆ. “ನಾನು ಇಲಾಖೆಯವನು ಅಂದ ಮೇಲೆ ಅವಳೂ ಇಲಾಖೆಯವಳೇ.”

ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಹಾಲಿನಲ್ಲಿ ಪಿಸುಮಾತು ಎದ್ದಿತು. ಮಕ್ಕಳನ್ನು ಎತ್ತಿಕೊಂಡಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಬಂದಿದ್ದ ಗೃಹಿಣಿ ಅಲ್ಲೇ ನಿಂತಳು. ಅತ್ತೆಯವರು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ಅಜ್ಜಿ ನನ್ನನ್ನೊಮ್ಮೆ, ಕಂಬದ ಕಡೆಗೊಮ್ಮೆ ನೋಡಿದರು. ಓಣಿಯಲ್ಲಿ ಯಾರ ಮನೆಯಲ್ಲಿ ಏನಾಗಿದೆ ಎನ್ನುವುದು ಆಕೆಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಕೋಲಿನಿಂದ ನೆಲವನ್ನು ಒಂದು ಸಲ ಕುಟ್ಟಿದರು.

“ಕಾನೂನು ಅಂದ್ಮೇಲೆ ಕಾನೂನೇ. ಸರ್ಕಾರದ ತೊಟ್ಲು, ಸರ್ಕಾರದ ಮಾತು. ದಾರಿ ಬಿಡ್ರಮ್ಮ. ಬಾ ಮಗಾ, ಒಳಗ್ ಬಾ.”

ಅವಳು ಹೊಸಿಲು ದಾಟಿ ಬಂದಳು. ಯಶೋದೆಯ ಚಿತ್ರವನ್ನಾಗಲಿ, ಒಳಲೆಗಳನ್ನಾಗಲಿ, ನಾನು ರಾತ್ರಿ ಹಗಲು ಕೂತು ಬರೆದ ಚೀಟಿಗಳನ್ನಾಗಲಿ ನೋಡಲಿಲ್ಲ. ನೇರ ತೊಟ್ಟಿಲಿಗೆ ಬಂದಳು. ಪದ್ಧತಿಯಂತೆ ಕಲ್ಲನ್ನು ತೊಟ್ಟಿಲ ಅಡಿಯಿಂದ ಒಬ್ಬರು ಕೊಟ್ಟು ಮೇಲಿಂದ ಒಬ್ಬರು ಈಸಿಕೊಳ್ಳಬೇಕು; ಕಲ್ಲು ಮುಟ್ಟಲು ಯಾವ ನಿಯಮದ ಅಡ್ಡಿಯೂ ಇಲ್ಲವಲ್ಲ, ಹಿಂದೆ ಸರಿದು ನಿಂತಿದ್ದ ಆ ಗೃಹಿಣಿಯೇ ಅವಳ ತೋಳಿನಿಂದ ಕಲ್ಲು ತೆಗೆದುಕೊಂಡು, ಬಗ್ಗಿ ಅಡಿಯಿಂದ ಕೊಟ್ಟಳು. ನನ್ನ ಹೆಂಡತಿ ಈಸಿಕೊಂಡು ಎದೆಗೆ ಒತ್ತಿಕೊಂಡಳು. ನಿಧಾನವಾಗಿ ಕೆಳಗಿಳಿಸಿ, ಕಂಬಳಿಯ ಮೇಲೆ ಮಲಗಿಸಿ, ತಲೆಯ ಹಿಂದಿನಿಂದ ಕೈಯನ್ನು ಮೆಲ್ಲಗೆ ಎಳೆದುಕೊಂಡಳು. ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆಯೇ.

ಇನ್ನು ‘ಗುಂಡಪ್ಪಾ’ ಎಂದು ಕರೆಯಬೇಕು. ಹೆಂಗಸರು ಕಾಯುತ್ತಿದ್ದರು. ಅವಳು ಕರೆಯಲಿಲ್ಲ. ಬಗ್ಗಿ, ಕುಲಾವಿಯ ಪಕ್ಕಕ್ಕೆ ಕೈ ಮರೆ ಮಾಡಿ, ಕಿವಿ ಇರಬೇಕಾದ ಜಾಗದಲ್ಲಿ ಏನೋ ಹೇಳಿದಳು. ಮಗುವಿನ ಕಿವಿಯಲ್ಲಿ ನಿಜವಾದ ಹೆಸರು ಹೇಳುವುದು ಹಾಗೆ. ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಅಜ್ಜಿ, “ಗುಂಡಪ್ಪಾ, ಗುಂಡಪ್ಪಾ, ಗುಂಡಪ್ಪಾ!” ಎಂದು ಗಟ್ಟಿಯಾಗಿ ಕೂಗಿಬಿಟ್ಟರು. ಹೆಂಗಸರೆಲ್ಲ ನಕ್ಕರು, ಯಾರೋ ಜೋಗುಳ ಎತ್ತಿದರು. ನಾನು ನಾಲ್ಕೂ ದಾರಗಳನ್ನು ಬಿಚ್ಚಿದೆ. ಕಿಟಕಿಯ ಗಾಳಿಗೆ ತೊಟ್ಟಿಲು ತೂಗಿತು, ಯಾರೂ ಸೆರಗು ಎಳೆದುಕೊಳ್ಳಲಿಲ್ಲ.

ಆಮೇಲೆ ಅವರು ಪ್ರದರ್ಶನ ನೋಡಿದರು. ನೋಡಿದ್ದೆಂದರೆ ಹಾಗಲ್ಲ ಹೀಗಲ್ಲ. ಒಳಲೆ ತಮ್ಮ ಮನೆಯದಕ್ಕಿಂತ ಮೂತಿ ಉದ್ದ ಎಂದು ಜಗಳವಾಯಿತು. ಮುಖ ಒಡೆದ ಕಲ್ಲಿನ ತಾಯಿಯ ಮುಂದೆ ಬಹಳ ಹೊತ್ತು ನಿಂತರು. ಒಬ್ಬಳು ತನ್ನ ಮಗುವನ್ನು ಎತ್ತಿ ಹಿಡಿದು ಕಲ್ಲಿನ ಮಗುವಿನ ಕಾಲ್ಗೆಜ್ಜೆ ತೋರಿಸಿದಳು. ಹೋದವರು ಬೇರೆಯವರನ್ನು ಕಳಿಸಿದರು.

ಮಧ್ಯಾಹ್ನದ ರೈಲಿಗೆ ಯಜಮಾನರು ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ನಡುವೆ ಕೊಡೆ ಅಡ್ಡ ಹಿಡಿದುಕೊಂಡು ತೊಟ್ಟಿಲಿನ ತನಕ ಬಂದರು, ಇಣುಕಿ ನೋಡಿದರು.

“ಇದರ ಸಂಖ್ಯೆ ಏನ್ರೀ?”

“ಇದಕ್ಕೆ ಸಂಖ್ಯೆ ಇಲ್ಲ ಸಾರ್. ಮುಂದಿನ ವಾರ ಚಟ್ನಿ ರುಬ್ಬೋದಕ್ಕೆ ವಾಪಸ್ ಹೋಗುತ್ತೆ.”

ಅವರು ಮೀಸೆಯಡಿಯಲ್ಲಿ ನಕ್ಕದ್ದು ನನಗೆ ಕಂಡಿತು. ಕೆಳಗೆ ಬಗ್ಗಿ ನವಾರಿನ ಪಟ್ಟಿಯನ್ನು ಬೆರಳಿನಿಂದ ಎಳೆದು ನೋಡಿ, “ಇನ್ನೊಂದು ಸುತ್ತು ಹಾಯಿಸಿ” ಎಂದರು. “ಹೊಸಕೋಟೆಯಲ್ಲಿ ಕಲ್ಲು ಅಲ್ಲಿಯವರದೇ ಇರಲಿ. ಇಲ್ಲಿಂದ ಹೊರಬೇಡಿ.” ಅದೇ ಅವರ ಅಪ್ಪಣೆ. ಹೊರಡುವ ಮುಂಚೆ ಒಂದು ಬೆರಳಿನಿಂದ ತೊಟ್ಟಿಲನ್ನು ಸ್ವಲ್ಪ ತಳ್ಳಿಯೂ ಹೋದರು.

ಸಂಜೆ ಜನ ಕರಗಿದರು. ಜವಾನ ಹೊರಗೆ ಜಗಲಿ ಗುಡಿಸುತ್ತಿದ್ದ. ನಾನು ಕಿಟಕಿಗಳ ಅಗುಳಿ ಹಾಕುತ್ತಿದ್ದೆ. ನನ್ನ ಹೆಂಡತಿ ಹೋಗಿರಲಿಲ್ಲ. ಗೋಡೆಯ ಉದ್ದಕ್ಕೂ ಒಂದೊಂದೇ ಚೀಟಿ ಓದುತ್ತ, ಒಂದೊಂದೇ ವಸ್ತುವಿನ ಮುಂದೆ ನಿಲ್ಲುತ್ತ ಸುತ್ತು ಮುಗಿಸಿ ಬಂದಳು.

“ಇದನ್ನೆಲ್ಲ ನೀವೇ ಆರಿಸಿದ್ರಾ?”

“ಹೂಂ.”

“ಅದನ್ನೇ ಯೋಚ್ನೆ ಮಾಡ್ಕೊಂಡು?”

“ಹೂಂ,” ಎಂದೆ. ಮರೆತಿರಲಿಲ್ಲ, ಹೇಗೆ ಹೇಳಬೇಕೋ ತಿಳಿಯಲಿಲ್ಲ ಎಂದು ಅಷ್ಟೂ ಹೇಳಿಬಿಟ್ಟೆ.

ಅವಳು ತೊಟ್ಟಿಲಿನ ಸರಪಳಿ ಹಿಡಿದು ನಿಂತಳು.

“ಬೆಳಿಗ್ಗೆ ಏನ್ ಹೆಸರಿಟ್ಟೆ ಅಂತ ಕೇಳ್ಲೇ ಇಲ್ವಲ್ಲ.”

“ಏನಿಟ್ಟೆ?”

“ರಾಮಲಿಂಗ.”

ನಮ್ಮ ಅಪ್ಪನ ಹೆಸರು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ಅವಳು ಅವರನ್ನು ನೋಡಿದವಳೇ ಅಲ್ಲ. ಮಗು ಹೊಟ್ಟೆಯಲ್ಲಿದ್ದಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ, ತೊಟ್ಟಿಲಿಗೆ ಹಾಕುವ ದಿನ ನನಗೆ ಹೇಳೋಣ ಎಂದು. ನಾನು ಅವಳ ಪಕ್ಕ ಹೋಗಿ ನಿಂತೆ. ಒಂದು ವರ್ಷದಿಂದ ಕರೆಯಲು ಏನೂ ಇಲ್ಲದೆ ಒಣಗಿದ್ದ ಬಾಯಿ. “ರಾಮಲಿಂಗಾ,” ಎಂದು ಕರೆದೆ. ಖಾಲಿ ಹಾಲು, ಕಿಟಕಿಯೆಲ್ಲ ಮುಚ್ಚಿತ್ತು, ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವಳು ನನ್ನ ತೋಳು ಹಿಡಿದುಕೊಂಡಳು.

“ಮೆಲ್ಲಗೆ ರೀ,” ಎಂದಳು. “ಈಗ ತಾನೇ ಮಲಗಿದ್ದಾನೆ.”